ತಳವಿಲ್ಲದ ಕುರ್ಚಿಯ ಮಾಬ್ಲ

ಸರಕು ಎಂದು ನೋಡಿದರೆ ಮಾಬ್ಲ ನಾಯ್ಕನಿಗೆ ಯಾವ ವ್ಯಾಪಾರಿಯೂ ಕೈ ಹಾಕುವವನಲ್ಲ. ಒಂದು ಮೂಟೆ ಅಕ್ಕಿಯನ್ನು ಅವನ ಹೆಗಲ ಮೇಲಿಟ್ಟರೆ ಯಾರು ಯಾರನ್ನು ಹೊತ್ತಿದ್ದಾರೆಂದು ಎರಡು ಸಲ ನೋಡಬೇಕು. ಎಲುಬು ಜಾಸ್ತಿ, ಮಾಂಸ ಕಮ್ಮಿ, ಕಿವಿ ಮಾತ್ರ ಧಾರಾಳ. ಕುತ್ತಿಗೆಗೂ ಅಂಗಿಯ ಕಾಲರಿಗೂ ಮಾತುಕತೆ ನಿಂತು ವರ್ಷಗಳಾದ ಹಾಗೆ ಕಾಣುತ್ತಿತ್ತು. ಬಾಯಿ ಬಿಡುವುದು ಅಪರೂಪ, ಹಾಗಾಗಿ ಚೌಕಾಸಿಗೂ ಒದಗುವವನಲ್ಲ. ಹೊನ್ನಾವರದ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ನನಗೆ ಎದುರು ಬಂದವರನ್ನೆಲ್ಲ ಮನಸ್ಸಿನಲ್ಲೇ ತಕ್ಕಡಿಗೆ ಹಾಕುವ ಚಟ. ಮಾಬ್ಲನನ್ನು ಹಾಕಿದಾಗ ಮುಳ್ಳು ಅಲ್ಲಾಡಲಿಲ್ಲ. ಅವನ ಕಣ್ಣುಗಳನ್ನು ನಾನು ತೂಕಕ್ಕೆ ಹಿಡಿದಿರಲಿಲ್ಲ. ಅಲ್ಲೇ ನನ್ನ ಅಂದಾಜು ತಪ್ಪಿದ್ದು.

ಅವನ ಊರು ಕಾಯ್ಕಿಣಿ. ಕಸುಬು ಕುರ್ಚಿಗೆ ಬೆತ್ತ ಹೆಣೆಯುವುದು. ಭಟ್ಕಳದಿಂದ ಕುಮಟೆಯವರೆಗೆ ಕೋರ್ಟು, ಬ್ಯಾಂಕು, ಶಾಲೆ, ಕಚೇರಿ ಎಲ್ಲೆಲ್ಲಿ ಮರದ ಕುರ್ಚಿ ಇತ್ತೋ ಅಲ್ಲೆಲ್ಲ ಅವನಿಗೆ ಕೆಲಸ. ಜಗಲಿಯಲ್ಲಿ ಕುರ್ಚಿಯನ್ನು ಮಗುಚಿ ಹಾಕಿಕೊಂಡು ಹಳೇ ಬೆತ್ತ ಕತ್ತರಿಸಿ ತೆಗೆಯುವಾಗ, ಅದು ಯಾವ ಬದಿಗೆ ಜೋತಿದೆ, ಎಲ್ಲಿ ಸವೆದಿದೆ ಎಂದು ನೋಡಿ ತನ್ನಷ್ಟಕ್ಕೇ ಕಿಸಕ್ಕೆಂದು ನಗುತ್ತಿದ್ದ. ಆಮೇಲೆ ಆ ಕುರ್ಚಿಯ ಒಡೆಯ ಕಚೇರಿಯಿಂದ ಹೊರಗೆ ಬಂದರೆ ಇನ್ನೊಮ್ಮೆ ನಗುತ್ತಿದ್ದ. ತಹಶೀಲ್ದಾರರೊಬ್ಬರು ಇದೇ ಕಾರಣಕ್ಕೆ ಅವನನ್ನು ಗೇಟಿನಿಂದ ಹೊರಗೆ ಹಾಕಿಸಿದ್ದರಂತೆ.

ಕರಾವಳಿಯ ಉದ್ದಕ್ಕೂ ರೈಲು ಓಡತೊಡಗಿದ ಹೊತ್ತಿಗೆ ಪ್ಲಾಸ್ಟಿಕ್ ಕುರ್ಚಿಗಳೂ ಲಾರಿಗಟ್ಟಲೆ ಬಂದವು. ಬೆತ್ತ ಕೇಳುವವರು ಇಲ್ಲವಾದರು. ಆ ವರ್ಷ ಕಾಯ್ಕಿಣಿ ಕಡೆಯ ಒಂದು ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ನಾಟಕದ ಪರದೆ ಏಳದೆ ಸಿಕ್ಕಿಹಾಕಿಕೊಂಡಿತು. ಮಕ್ಕಳು ಗಲಾಟೆ ಎಬ್ಬಿಸಿದರು. ಶಾಲೆಯ ಕುರ್ಚಿ ರಿಪೇರಿಗೆ ಬಂದಿದ್ದ ಮಾಬ್ಲ ಬೆತ್ತ ಬಿಚ್ಚಿದ್ದ ಕುರ್ಚಿಯೊಂದನ್ನು, ಅಂದರೆ ನಾಲ್ಕು ಕಾಲು, ಒಂದು ಬೆನ್ನು, ನಡುವೆ ಬರೇ ತೂತು, ಅಷ್ಟನ್ನು ಹಿಡಿದುಕೊಂಡು ಪರದೆಯ ಎದುರು ಬಂದು ಇಟ್ಟ. ಕೂರಲು ನೋಡಿದ. ತೂತು ನೋಡಿದ. ತೂತಿಗೆ ನಮಸ್ಕಾರ ಮಾಡಿದ. ಆಮೇಲೆ ಆ ಶಾಲೆಯ ಹೆಡ್ಮಾಸ್ತರರು ಕೂರುವ ಹಾಗೆಯೇ, ಪಂಚೆಯ ಅಂಚು ಎತ್ತಿ, ಮೊದಲು ಗಂಟಲು ಸರಿಮಾಡಿ, ಗಾಳಿಯ ಮೇಲೆ ಕೂತ. ಮಕ್ಕಳು ಕೂಗಿ ಕೂಗಿ ಮಾಸ್ತರರ ಹೆಸರು ಹೇಳಿದ ಮೇಲೆ ತೂತಿನೊಳಗೆ ಧಡಕ್ಕೆಂದು ಇಳಿದುಹೋದ. ಮಂಡಿ ಮೂಗಿಗೆ ಬಂತು, ಕೈಕಾಲು ಮೇಲಕ್ಕೆ ಹೋದವು. ಕುರ್ಚಿಯನ್ನು ಅಂಡಿಗೆ ಸಿಕ್ಕಿಸಿಕೊಂಡೇ ಅಡ್ಡಡ್ಡ ಹೆಜ್ಜೆ ಹಾಕುತ್ತ ಏಡಿಯ ಹಾಗೆ ಒಳಗೆ ನಡೆದ.

ಇಷ್ಟೇ ಅವನ ಆಟ. ಮಾತಿಲ್ಲ, ಹಾಡಿಲ್ಲ, ಜೊತೆಗಾರನಿಲ್ಲ. ಮೀನುಬಲೆಯ ಬೆಂಡಿಗೆ ಕೆಂಪು ಬಳಿದು ಮೂಗಿಗೆ ಕಟ್ಟಿಕೊಳ್ಳುತ್ತಿದ್ದ. ಮೈಗೆ ಕುಮಟೆಯ ವಕೀಲರೊಬ್ಬರು ಬಿಟ್ಟ ಕರಿಕೋಟು, ಅದರಲ್ಲಿ ಇನ್ನೊಬ್ಬ ಮಾಬ್ಲನಿಗೆ ಜಾಗ ಇತ್ತು. ಊರಿನ ಯಾರೋ ಒಬ್ಬರು ಹೇಗೆ ಕೂರುತ್ತಾರೆಂದು ಮಾಡಿ ತೋರಿಸುವುದು, ಜನ ಹೆಸರು ಕೂಗುವುದು, ಕೊನೆಗೆ ಏಡಿ. ಕೇಳಿದರೆ ಇದರಲ್ಲೇನಿದೆ ಎನ್ನಬೇಕು. ನೋಡಿದರೆ ಹೊಟ್ಟೆ ಹಿಡಿದುಕೊಳ್ಳಬೇಕು. ಕಿಟಕಿ ಸೀಟು ಸಿಕ್ಕ ಮನುಷ್ಯ, ಸಾಲ ಕೇಳಲು ಬಂದು ಕುರ್ಚಿಯ ಅಂಚಿನಲ್ಲಿ ಕಾಲು ಭಾಗ ಮಾತ್ರ ಕೂತ ಮನುಷ್ಯ, ಬೀಗರ ಮನೆಗೆ ಬಂದು ಇಡೀ ಕುರ್ಚಿ ತುಂಬಿದ ಮನುಷ್ಯ, ಎಲ್ಲ ಒಂದೇ ತೂತಿನ ಮೇಲೆ. ನಾಲ್ಕೈದು ವರ್ಷ ಭಟ್ಕಳ, ಹೊನ್ನಾವರ, ಕುಮಟೆ ಮೂರೂ ತಾಲೂಕಿನ ಗಣಪತಿ ಪೆಂಡಾಲುಗಳಲ್ಲಿ ಅವನಿಲ್ಲದೆ ಕಾರ್ಯಕ್ರಮ ಇರಲಿಲ್ಲ.

ಆಮೇಲೆ ಶುರುವಾಯಿತು.

ಒಂದು ಗಣಪತಿ ಹಬ್ಬದಲ್ಲಿ ನಮ್ಮ ಹೊನ್ನಾವರದ ನಿವೃತ್ತ ಮಾಸ್ತರ್ ವೆಂಕಟ್ರಮಣರನ್ನು ಮಾಡಿದ. ಕೂತವರು ಬಲಕ್ಕೆ ಜಾರುವುದು, ತೂತು ಬಿದ್ದ ಚೀಲದ ಹಾಗೆ ನಿಧಾನ ವಾಲುವುದು, ಬೆಚ್ಚಿ ನೆಟ್ಟಗಾಗಿ ಕನ್ನಡಕ ಸರಿಮಾಡುವುದು. ಮಾಸ್ತರರೇ ಎದುರು ಕೂತು ಕಣ್ಣೀರು ಬರುವಷ್ಟು ನಕ್ಕರು. ದೀಪಾವಳಿಗೆ ಅವರ ಬಲಭಾಗ ಬಿದ್ದುಹೋಯಿತು. ತುಳಸಿ ಮದುವೆಗೆ ಅವರಿರಲಿಲ್ಲ.

ಮರುವರ್ಷ ಭಟ್ಕಳದಲ್ಲಿ ಟೆಂಪೊ ಇಟ್ಟುಕೊಂಡಿದ್ದ ಶ್ರೀಧರನನ್ನು ಮಾಡಿದ. ಅವ ಸೊಂಟಕ್ಕೆ ಕೈ ಕೊಟ್ಟು, ಬಿಸಿ ಕಾವಲಿಯ ಮೇಲೆ ಕೂತವನ ಹಾಗೆ ಮತ್ತೆ ಮತ್ತೆ ಎದ್ದು ಕೂರುತ್ತಿದ್ದ. ಗದ್ದಲವೆಬ್ಬಿಸಿ ನಕ್ಕರು ಜನ. ಎರಡೂ ಕಿಡ್ನಿ ಹೋಗಿದ್ದು ತಿಳಿದಾಗ ತಡವಾಗಿತ್ತು, ಹೋಳಿಗೆ ಮೊದಲೇ ಶ್ರೀಧರ ಹೋದ. ಅದರ ಬೆನ್ನಿಗೇ ಕುಮಟೆಯಲ್ಲಿ ಮೀನು ಮಾರುವ ದುರ್ಗಮ್ಮನನ್ನು ಮಾಡಿದ, ಒಂದು ಕಾಲು ಚಾಚಿ, ಆ ಕಾಲು ಬೇರೆ ಯಾರದ್ದೋ ಎನ್ನುವ ಹಾಗೆ ಪಕ್ಕಕ್ಕೆ ಇಟ್ಟುಕೊಂಡು. ಸಕ್ಕರೆ ಕಾಯಿಲೆಗೆ ಆ ಕಾಲನ್ನೇ ಮಂಡಿಯಿಂದ ಕೆಳಗೆ ತೆಗೆದರು.

ಮೂರಾದ ಮೇಲೆ ಊರು ಸುಮ್ಮನಿರುತ್ತದೆಯೇ? ಮಾಬ್ಲ ಯಾರನ್ನು ಕೂರಿಸಿದನೋ ಅವರು ಏಳುವುದಿಲ್ಲ ಎಂಬ ಮಾತು ಹುಟ್ಟಿತು. ಯಾರ ಬಾಯಲ್ಲಿ ಹುಟ್ಟಿತೆಂದು ಕೇಳಬೇಡಿ. ನನ್ನ ಅಂಗಡಿಯ ಪಕ್ಕ ಸೈಕಲ್ ಅಂಗಡಿ ಇಟ್ಟಿರುವ ನಾಗಪತಿಯ ಬಾಯಿಗೆ ಬಂದ ಮೇಲೆ ಅದು ಸಾಯುವ ಸಾಧ್ಯತೆ ಇರಲಿಲ್ಲ.

ಆ ವರ್ಷ ಮಾಬ್ಲನಿಗೆ ಸಿಕ್ಕ ಮರ್ಯಾದೆ ಯಾವ ಮಂತ್ರಿಗೂ ಸಿಕ್ಕಿರಲಿಕ್ಕಿಲ್ಲ. ಅವನು ಹೋದಲ್ಲೆಲ್ಲ ಜನ ಎದ್ದು ನಿಲ್ಲುತ್ತಿದ್ದರು. ಅವನು ನೋಡಬಾರದು, ಅಷ್ಟೆ. ಕೂತಿದ್ದನ್ನು ನೋಡಿದರೆ ತಾನೇ ಮಾಡುವುದು? ಬ್ಯಾಂಕಿಗೆ ಹೋದರೆ ಮ್ಯಾನೇಜರರು ಏನೋ ಹುಡುಕುವ ನೆವದಲ್ಲಿ ಎದ್ದು ಕಪಾಟಿನ ಕಡೆ ಹೋಗುತ್ತಿದ್ದರು. ಹೋಟೆಲಿಗೆ ಹೊಕ್ಕರೆ ಅರ್ಧ ತಿಂದ ಬನ್ಸ್ ಕೈಲಿ ಹಿಡಿದು ನಿಂತವರ ಸಾಲು. ಒಮ್ಮೆ ಭಟ್ಕಳದಿಂದ ಬರುವ ಬಸ್ಸಿನಲ್ಲಿ ನಾನೂ ಇದ್ದೆ. ಮುರ್ಡೇಶ್ವರದ ಕ್ರಾಸಿನಲ್ಲಿ ಮಾಬ್ಲ ಹತ್ತಿದ. ಒಬ್ಬೊಬ್ಬರಾಗಿ ಎದ್ದರು. ಮಂಕಿ ಬರುವಷ್ಟರಲ್ಲಿ ಬಸ್ಸಿನ ಸೀಟೆಲ್ಲ ಖಾಲಿ, ದಾರಿಯಲ್ಲಿ ಜನ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದಾರೆ. ಹೊಸ ಕಂಡಕ್ಟರ್, ಬಯಲುಸೀಮೆಯವ, ಬೆವರು ಒರೆಸಿಕೊಂಡು ಕೇಳಿದ, "ಏನ್ರೀ ಇದು, ಸೀಟಿಗೆ ಮುಳ್ಳು ಬಂದಾವೇನು?" ಯಾರೂ ನಗಲಿಲ್ಲ. ಮಾಬ್ಲ ಕಿಟಕಿಯ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕೂತಿದ್ದ. ಇಡೀ ಬಸ್ಸಿನಲ್ಲಿ ಕೂತವನು ಅವನೊಬ್ಬನೇ. ಕಣ್ಣು ಮುಚ್ಚಿದ್ದು ನಿದ್ದೆಗಲ್ಲ ಎಂದು ನನಗೆ ಗೊತ್ತಾಯಿತು.

ಭಟ್ಕಳ, ಹೊನ್ನಾವರ ಎರಡೂ ಕಡೆಯ ಪೆಂಡಾಲುಗಳು ಅವನನ್ನು ಕೈಬಿಟ್ಟವು. ಉಳಿದದ್ದು ಕುಮಟೆಯದ್ದೊಂದು. ಅದರ ಕಮಿಟಿಯ ಮುಖ್ಯಸ್ಥ ದಿನಕರ ನನ್ನಲ್ಲಿ ಸಗಟು ಸಾಮಾನು ಒಯ್ಯುವ ವ್ಯಾಪಾರಿ. ಶ್ರಾವಣದಲ್ಲಿ ಒಂದು ದಿನ ಅವನು ಅಂಗಡಿಯಲ್ಲಿ ಬೆಲ್ಲ ನೋಡುತ್ತಿದ್ದಾಗ ಮಾಬ್ಲ ಮೆಟ್ಟಿಲ ಬಳಿ ಬಂದು ನಿಂತ. ಬೆಂಚಿನ ಮೇಲಿದ್ದ ಇಬ್ಬರು ಗಿರಾಕಿಗಳು ಥಟ್ಟನೆ ಎದ್ದರು. ದಿನಕರನೂ ಎದ್ದ, ಬೆಲ್ಲದ ಅಚ್ಚು ಕೈಯಲ್ಲೇ ಇತ್ತು. ದುಡ್ಡಿನ ಗಲ್ಲೆಯ ಮುಂದೆ ಕೂತವ ನಾನೊಬ್ಬ. ವ್ಯಾಪಾರಿ ಎದ್ದು ನಿಂತರೆ ಅಂಗಡಿ ಮುಚ್ಚಿದ ಹಾಗೆ ಕಾಣುತ್ತದೆ.

"ದಿನಕರಣ್ಣ, ಈ ವರ್ಷ ಎಂತ ಮಾಡೂದು?" ಎಂದ ಮಾಬ್ಲ.

"ಎಂತ ಮಾಡೂದು ಮಾರಾಯ, ಜನ ಹೆದ್ರಿದ್ದಾರೆ. ಕಾಗೆ, ಕೋಳಿ, ಇಂಥದ್ದು ಎಂತಾದ್ರೂ ಮಾಡ್ಲಿಕ್ಕೆ ಬತ್ತದಾ ನಿಂಗೆ?"

"ಕೋಳಿ ಕುರ್ಚಿ ಮೇಲೆ ಕೂರೂದಿಲ್ಲ."

"ಹಂಗಾದ್ರೆ ಕೇಳು. ಜೀವ ಇದ್ದ ಮನ್ಷ ಒಬ್ಬ ಒಪ್ಲಿ. ಒಪ್ಪಿ ಎದುರಿನ ಸಾಲಲ್ಲಿ ಬಂದು ಕೂರ್ಲಿ, ಎಲ್ರೂ ನೋಡ್ಲಿ. ಆಮೇಲೆ ಅವ ಆರೋಗ್ಯದಲ್ಲೇ ಇದ್ರೆ ಬಾಯಿ ಮುಚ್ಚತದೆ ಎಲ್ಲರ್ದೂ. ಯಾರೂ ಸಿಗ್ಲಿಲ್ಲ ಅಂದ್ರೆ ಇದೇ ಕಡೇದು ತಮಾ, ಮುಂದೆ ನಿನ್ನ ಕರೆಯೂದು ನನ್ನ ಕೈಲಿ ಆಗೂದಿಲ್ಲ."

ಮಾಬ್ಲ ಯಾರ ಮುಖವನ್ನೂ ನೋಡಲಿಲ್ಲ. ಆ ಕುರ್ಚಿಯೊಂದು ಬಿಟ್ಟರೆ ಅವನಿಗೆ ಬೇರೆ ಏನೂ ಬರುವುದಿಲ್ಲವೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತು. ನಾನು ಲೆಕ್ಕ ಹಾಕಿದೆ. ಅವನು ಬಂದಾಗೆಲ್ಲ ಗಿರಾಕಿ ಎದ್ದು ನಿಲ್ಲುತ್ತಾನೆ, ನಿಂತ ಗಿರಾಕಿ ಬೇಗ ಹೊರಡುತ್ತಾನೆ, ಬೇಗ ಹೊರಟವ ಮರೆತ ಸಾಮಾನನ್ನು ಇನ್ನೊಂದು ಅಂಗಡಿಯಲ್ಲಿ ಕೊಳ್ಳುತ್ತಾನೆ. ಈ ಮೂಢನಂಬಿಕೆಗೆ ನಾನೇ ಬಾಡಿಗೆ ಕಟ್ಟಿದಂತೆ ಆಗುತ್ತಿತ್ತು.

"ನನ್ನನ್ನು ಮಾಡು," ಎಂದೆ.

ದಿನಕರ ಬೆಲ್ಲ ಕೆಳಗಿಟ್ಟ. ಗಿರಾಕಿಗಳಲ್ಲಿ ಒಬ್ಬ, "ಕಾಮತ್ರೇ, ಮನೇಲಿ ಒಂದು ಮಾತು ಕೇಳಿ," ಎಂದ. ಮಾಬ್ಲ ಮಾತ್ರ ಖುಷಿಪಡಲಿಲ್ಲ.

"ನೀವು ಬೇಡ ಕಾಮತ್ರೇ. ಬೇರೆ ಯಾರಾದ್ರೂ ನೋಡುವಾ."

"ಯಾಕೋ? ನಾನು ಕೂರುವುದು ನಗು ಬರುವ ಹಾಗಿಲ್ಲವೋ?"

ಅವನು ನನ್ನನ್ನು ನೋಡಿದ. ಕೊಬ್ಬರಿಯನ್ನು ಬೆಳಕಿಗೆ ಹಿಡಿದು ನೋಡುವ ದಲ್ಲಾಳಿಯ ಕಣ್ಣು. "ಮೊದ್ಲೆಲ್ಲ ಬರ್ತಿರ್ಲಿಲ್ಲ," ಎಂದ.

ಚೌಕಾಸಿ ಬಾರದವನು ಎಂದಿದ್ದೆ, ಈಗ ಕಲಿತಿದ್ದಾನೆ ಎಂದುಕೊಂಡು ನಕ್ಕುಬಿಟ್ಟೆ. "ಆತು, ಹಾಗಾದರೆ ಈಗ ಬರುತ್ತದಲ್ಲ, ಮಾಡು," ಎಂದೆ. ದಿನಕರನೇ ಅವನ ಪರವಾಗಿ ಒಪ್ಪಿಕೊಂಡ.

ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ನನ್ನ ಹೆಂಡತಿ ಸರೋಜಾ ಬಾಗಿಲಲ್ಲೇ ನಿಂತಿದ್ದಳು. ಮನೆಯಲ್ಲಿ ನಮ್ಮದು ಕೊಂಕಣಿ, ಅದರಲ್ಲಿ ಅವಳು ಹೇಳಿದ್ದನ್ನೆಲ್ಲ ಕನ್ನಡಕ್ಕೆ ತರುವುದು ಚೆಂದವಲ್ಲ. ಮರುದಿನದಿಂದ ಊರು ನನ್ನನ್ನು ನೋಡಲು ಬರತೊಡಗಿತು. ಎಷ್ಟೋ ವರ್ಷ ಮಾತು ಬಿಟ್ಟಿದ್ದ ದಾಯಾದಿಯೊಬ್ಬ ಮೂಸಂಬಿ ತಂದು ಕೊಟ್ಟ. ಸಾಲಕ್ಕೆ ಸಾಮಾನು ಒಯ್ದವರು ಎದುರು ಬಂದರೆ ಈಗ ತೀರಿಸುವ ಅವಸರ ತೋರಿಸುತ್ತಿರಲಿಲ್ಲ, ಕಾಯೋಣ ಎಂಬ ಭಾವ. ಕ್ಷೌರದವನು ಕೂಡ ಅಂದು ಬಹಳ ಮೆಲ್ಲಗೆ, ಬಹಳ ಚೊಕ್ಕವಾಗಿ ಗಡ್ಡ ಹೆರೆದ.

"ಕಾಮತ್ರೇ, ಆ ಹಳೇ ತೂಕದ ಕಲ್ಲು ನಂಗೆ ಕೊಡಿ ಅಂತ ಹೇಳಿಟ್ಟಿದ್ದೆ, ನೆನಪಿದ್ದಾ?" ಎಂದ ನಾಗಪತಿ.

"ನೆನಪಿದೆ. ನನ್ನ ನಂತರ ಎಂದಿದ್ದೆ."

"ಅದಕ್ಕೇ ಕೇಳೂದು."

ನಾವಿಬ್ಬರೂ ನಕ್ಕೆವು. ಅವನು ಸ್ವಲ್ಪ ಬೇಗ ನಿಲ್ಲಿಸಿದ.

ಮಾಬ್ಲ ಆ ದಿನಗಳಲ್ಲಿ ಎದುರಿನ ಹೂವಿನ ಅಂಗಡಿಯ ಪಕ್ಕ ಬಂದು ನಿಲ್ಲುತ್ತಿದ್ದ. ಮಳೆ ಹೊಯ್ಯುತ್ತಿದ್ದರೂ ಸರಿ, ಕೊಡೆ ಬಿಚ್ಚದೆ ನಿಂತು ನನ್ನನ್ನೇ ನೋಡುತ್ತಿದ್ದ. ಒಂದು ಸಲ ಸರಿ, ಎರಡು ಸಲ ಸರಿ. ದಿನವೂ ಒಂದು ಜೊತೆ ಕಣ್ಣು ಮೈಮೇಲಿದ್ದರೆ ಎಂಥ ಗಟ್ಟಿಗನಿಗೂ ಕಿರಿಕಿರಿ. ನಾನು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ, ಸ್ವಲ್ಪ ಹೊತ್ತಿನಲ್ಲಿ ಮರೆಯುತ್ತಿದ್ದೆ. ಅವನು ಇಷ್ಟು ಕೆಲಸ ಮಾಡುತ್ತಾನೆಂದು ನನಗೆ ಗೊತ್ತಿರಲಿಲ್ಲ. ಅವನು ನಗುತ್ತಿರಲಿಲ್ಲ ಎಂಬುದನ್ನು ಮಾತ್ರ ನಾನು ಗಮನಿಸಿದೆ. ಜಗಲಿಯಲ್ಲಿ ಕುರ್ಚಿ ಮಗುಚಿಕೊಂಡು ಕಿಸಕ್ಕೆನ್ನುತ್ತಿದ್ದ ಮನುಷ್ಯ, ಈಗ ಜ್ವರದ ಮಗುವನ್ನು ನೋಡುವ ತಾಯಿಯ ಹಾಗೆ ನೋಡುತ್ತಿದ್ದ.

ಚೌತಿಯ ಮೂರನೆಯ ದಿನ, ಸಂಜೆಯ ಆರತಿಗೆ ಮೊದಲು ಕಾರ್ಯಕ್ರಮ. ಸರೋಜಾ ಬರುವುದಿಲ್ಲ ಎಂದವಳು ಕೊನೆಗೆ ಬಂದಳು, ನನ್ನನ್ನು ಒಬ್ಬನೇ ಬಿಡಲಾರದೆ. ಕುಮಟೆಯ ಆ ಪೆಂಡಾಲಿನಲ್ಲಿ ಅಷ್ಟು ಜನರನ್ನು ನಾನು ಕಂಡಿರಲಿಲ್ಲ. ಎದುರಿನ ಸಾಲಿನಲ್ಲಿ ನಾವಿಬ್ಬರೇ. ನಮ್ಮ ಅಕ್ಕಪಕ್ಕದ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಎರಡೂ ಬದಿಗೆ ಖಾಲಿ ಇದ್ದವು. ತಗಡಿನ ಮೇಲೆ ಮಳೆ ಬೀಳುತ್ತಿತ್ತು. ಹಿಂದೆ ಇದ್ದವರು ರಂಗವನ್ನಲ್ಲ, ನನ್ನ ಕುತ್ತಿಗೆಯನ್ನು ನೋಡುತ್ತಿದ್ದಾರೆಂದು ನನಗೆ ಅನ್ನಿಸುತ್ತಲೇ ಇತ್ತು.

ಮಾಬ್ಲ ಬಂದ. ಕೆಂಪು ಮೂಗು, ಕರಿಕೋಟು. ಕುರ್ಚಿ ಇಟ್ಟ. ತೂತಿಗೆ ನಮಸ್ಕಾರ ಮಾಡಿದ.

ಆಮೇಲೆ ಅವನು ನಾನಾದ. ಪಂಚೆಯ ಚುಂಗು ಎಡಗೈಲಿ ಹಿಡಿದು, ಕೂರುವ ಮೊದಲು ಗಲ್ಲೆಯ ಬೀಗ ಮುಟ್ಟಿ ನೋಡಿ, ಗಿರಾಕಿಯ ಕಡೆ ಅರೆಗಣ್ಣು, ತಕ್ಕಡಿಯ ಕಡೆ ಇಡೀ ಕಣ್ಣು. ಹಿಂದೆ ಯಾರೋ ಫಕ್ಕನೆ ನಕ್ಕರು. "ಕಾಮತ್ರು!" ಎಂದು ಒಬ್ಬ ಕೂಗಿದ್ದೇ ತಡ, ಪೆಂಡಾಲು ಒಡೆದ ಹಾಗೆ ನಗು. ಹೆದರಿ ಹೆದರಿ ತಡೆದಿಟ್ಟ ನಗು, ಕಟ್ಟೆ ಒಡೆದಿತ್ತು. ನಾನೂ ನಗಲು ಬಾಯಿ ತೆರೆದೆ.

ಆಗ ಅವನು ಇನ್ನೊಂದು ಮಾಡಿದ. ಎಡ ಭುಜ ಕೆಳಗಾಯಿತು. ಬಲಗೈ ನಿಧಾನ ಬಂದು ಎಡ ಕಂಕುಳಿನೊಳಗೆ ಹೊಕ್ಕು ಅಲ್ಲೇ ಒತ್ತಿ ನಿಂತಿತು, ಕದ್ದ ಮಾಲು ಬಚ್ಚಿಟ್ಟ ಹಾಗೆ. ಗದ್ದ ಎದೆಗಿಳಿಯಿತು. ಬಾಯಿ ಸ್ವಲ್ಪ ತೆರೆಯಿತು. ಏನನ್ನೋ ಕಾಯುವ ಹಾಗೆ ಒಂದು ಗಳಿಗೆ ಹಾಗೇ ಇದ್ದು, ಅದು ಹಾದುಹೋದ ಮೇಲೆ ಮತ್ತೆ ಏನೂ ಆಗದವನ ಹಾಗೆ ತಕ್ಕಡಿ ನೋಡಿದ. ಜನ ಕುರ್ಚಿ ಬಡಿದು ನಕ್ಕರು. ಹೊನ್ನಾವರದಿಂದ ಬಂದವರಂತೂ ಹೌದು ಹೌದು ಎಂದು ಕೂಗಿದರು.

"ಇದು ನಾನಲ್ಲ. ಇದನ್ನು ಇವನೇ ಸೇರಿಸಿದ್ದು," ಎಂದೆ ಸರೋಜಾಳ ಕಡೆ ಬಾಗಿ.

ಅವಳು ನಗುತ್ತಿರಲಿಲ್ಲ. ನನ್ನ ಮುಖವನ್ನೂ ನೋಡುತ್ತಿರಲಿಲ್ಲ. "ಈ ಮಳೆಗಾಲ ಹಿಡಿದಾಗಿಂದ ನೀವು ಕೂರುವುದೇ ಹಾಗೆ," ಎಂದಳು. "ಈಗಲೂ ನೋಡಿಕೊಳ್ಳಿ."

ನೋಡಿಕೊಂಡೆ. ನನ್ನ ಬಲಗೈ ಎಡ ಕಂಕುಳಿನೊಳಗಿತ್ತು.

ಗ್ಯಾಸು ಎಂದುಕೊಂಡಿದ್ದೆ. ಓಮ ಅಗಿಯುತ್ತಿದ್ದೆ. ಆ ಗದ್ದಲದ ನಡುವೆ ನನ್ನ ಕಿವಿಯಲ್ಲಿ ಮಳೆಯ ಸದ್ದು ಮಾತ್ರ ಉಳಿಯಿತು. ವೆಂಕಟ್ರಮಣ ಮಾಸ್ತರರು ಇದೇ ಥರ ಎದುರು ಕೂತಿದ್ದರಲ್ಲವೇ ಎಂಬ ಯೋಚನೆ ಬಂತು.

ಇನ್ನು ಉಳಿದದ್ದು ಏಡಿ. ಜನ ಅದಕ್ಕೇ ಕಾದಿದ್ದರು. ಮಕ್ಕಳು "ಏಡಿ! ಏಡಿ!" ಎಂದು ಚಪ್ಪಾಳೆ ಹಾಕತೊಡಗಿದರು. ತೂತಿನ ಮೇಲೆ, ಗಾಳಿಯಲ್ಲಿ, ನನ್ನ ಹಾಗೆ ಕೂತಿದ್ದ ಮಾಬ್ಲ ನನ್ನನ್ನು ನೋಡಿದ. ಅವನ ತೊಡೆಗಳು ನಡುಗುತ್ತಿದ್ದವು. ಒಂದು ಬೀಳುವಿಕೆ, ಅಡ್ಡಡ್ಡ ನಾಲ್ಕು ಹೆಜ್ಜೆ, ಅಷ್ಟಾದರೆ ಪೆಂಡಾಲು ಅವನದ್ದು, ಮುಂದಿನ ವರ್ಷವೂ ಅವನದ್ದು. ಅವನು ಬೀಳಲಿಲ್ಲ. ಕುರ್ಚಿಯ ಎರಡೂ ಬದಿ ಹಿಡಿದು, ಬಹಳ ಕಷ್ಟದಿಂದ, ನಾನಾಗಿಯೇ ಎದ್ದ. ಎದ್ದು ಪಂಚೆ ಕೊಡವಿದ. ಕಂಕುಳಿನಿಂದ ಕೈ ತೆಗೆದು ಎಲ್ಲರಿಗೂ ಮುಗಿದ. ಕುರ್ಚಿ ಎತ್ತಿಕೊಂಡು ನೆಟ್ಟಗೆ ನಡೆದು ಒಳಗೆ ಹೋದ.

ಜನ ಕಾದರು. ಚಪ್ಪಾಳೆ ತಾನೇ ಕುಂಟುತ್ತ ನಿಂತಿತು. "ಏಡಿ ಎಲ್ಲೋ?" ಎಂದು ಒಬ್ಬ ಕೂಗಿದ. "ಅರ್ಧ ಆಟ ಆಡ್ದ," ಎಂದ ಇನ್ನೊಬ್ಬ. ಸಿಳ್ಳೆ ಬಿತ್ತು, ಅದು ಮೆಚ್ಚಿಗೆಯ ಸಿಳ್ಳೆ ಅಲ್ಲ.

ಪರದೆಯ ಹಿಂದೆ ದಿನಕರ ಕೈ ಬೀಸಿ ಬೈಯುತ್ತಿದ್ದ. "ಜನರಿಗೆ ಬೇಕಾದ್ದು ಅದೊಂದೇ, ಅದನ್ನೇ ಬಿಟ್ಟೆಯಲ್ಲ! ಇನ್ನು ನಿನ್ನ ಹೆಸ್ರು ಎತ್ತಿದ್ರೆ ಕಮಿಟಿ ನಂಗೇ ಹೊಡೀತದೆ." ಮಾಬ್ಲ ಮೂಗಿನ ಬೆಂಡು ಬಿಚ್ಚುತ್ತಿದ್ದ. ನನ್ನನ್ನು ಕಂಡು ದಿನಕರ ಅತ್ತ ಹೋದ.

"ಯಾಕೋ ಬಿಟ್ಟೆ?" ಎಂದೆ.

"ನಿಮ್ಮನ್ನ ಏಳ್ಸಬೇಕು ಅಂತ ಕಂಡ್ತು," ಎಂದ. ಅವನ ಉಸಿರು ಇನ್ನೂ ಸರಿಯಾಗಿರಲಿಲ್ಲ. ಆಮೇಲೆ, ಅವನ ಮಟ್ಟಿಗೆ ಭಾಷಣವೇ ಎನ್ನಬೇಕು, ಅಷ್ಟು ಮಾತಾಡಿದ. "ಕಾಮತ್ರೇ, ಮನ್ಷ ಯಾವಾಗ್ಲೂ ಕೂತ ಹಾಗೇ ಕೂತ್ರೆ ಯಾರಿಗೂ ನಗು ಬರೂದಿಲ್ಲ. ಎಂತಾದ್ರೂ ಹೊಸದು ಬಂದ್ರೆ ನಗು. ಮಾಸ್ತರ್ರು ಮೊದ್ಲು ವಾಲ್ತಿರ್ಲಿಲ್ಲ. ದುರ್ಗಮ್ಮಕ್ಕ ಮೊದ್ಲು ಕಾಲು ಚಾಚ್ತಿರ್ಲಿಲ್ಲ. ನಾನು ಹೊಸದನ್ನೇ ಹುಡ್ಕಿ ಹುಡ್ಕಿ ಮಾಡ್ದೆ. ಎಂತಕ್ಕೆ ಹೊಸದು ಬಂತು ಅಂತ ಕೇಳ್ಲೇ ಇಲ್ಲ. ನೀವು ನಾಳೆನೇ ದೊಡ್ಡ ಡಾಕ್ಟ್ರ ಹತ್ರ ಹೋಗಿ."

"ನನಗೆ ಎಂತ ಆಗಿದೆ ಅಂತೀಯ?"

"ನಂಗೆಂತ ಗೊತ್ತು? ನಾನು ಕುರ್ಚಿ ಹೆಣೆಯುವವ."

ನಾಳೆ ಎಂದರೆ ನಾಳೆಯೇ ಸರೋಜಾ ನನ್ನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದಳು. ಎದೆಯ ಒಂದು ನಾಳ ಮುಚ್ಚಿತ್ತು, ಇನ್ನೊಂದು ಮುಚ್ಚುವ ದಾರಿಯಲ್ಲಿತ್ತು. ದಸರೆ ಕಳೆದು ನಾನು ಎದೆಯ ನಡುವೆ ಹೊಲಿಗೆ ಹಾಕಿಸಿಕೊಂಡು ಊರಿಗೆ ಬಂದೆ. ಕೆಲವರ ಮುಖದಲ್ಲಿ ಸಂತೋಷ, ಕೆಲವರ ಮುಖದಲ್ಲಿ ಪಂದ್ಯ ಸೋತ ನೋಟ. ನಾಗಪತಿ ತೂಕದ ಕಲ್ಲಿನ ವಿಷಯ ಎತ್ತಲಿಲ್ಲ.

ಇಷ್ಟರಿಂದ ಮಾಬ್ಲನ ರಂಗ ಅವನಿಗೆ ವಾಪಸು ಬಂತೆಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತು. ಬಂದದ್ದು ಬೇರೆ. ಅವನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ಜನ ಈಗ ಅವನ ಮನೆಗೇ ಬಂದು ಎದುರು ಕೂರತೊಡಗಿದರು. ಮೈಮೇಲೆ ದೇವರು ಬರುವ ಪಾತ್ರಿಯ ಮುಂದೆ ಕೂರುವ ಹಾಗೆ, ಬೆಳಿಗ್ಗೆ ಸ್ನಾನ ಮಾಡಿ, ಬಾಳೆಹಣ್ಣು ಹಿಡಿದು. "ನೋಡು ಮಾಬ್ಲಣ್ಣ, ನಾನು ಸರೀ ಕೂತಿದ್ನಾ? ಎಂತಾದ್ರೂ ಕಾಣ್ತದಾ?" ಮುದುಕರು, ಬಸುರಿಯರು, ಮಡಿಲಲ್ಲಿ ಕೂಸು ಇಟ್ಟುಕೊಂಡವರು. ಅವನು ಇಲ್ಲ ಎಂದರೆ ನಂಬುತ್ತಿರಲಿಲ್ಲ, ಸುಮ್ಮನಿದ್ದರೆ ಅಳುತ್ತಿದ್ದರು. ಬೈದು ಕಳಿಸಿದರೆ ಇನ್ನೂ ದೊಡ್ಡ ಶಕ್ತಿ ಇದೆ ಎಂದು ತಿಳಿದು ಮರುದಿನ ನೆಂಟರನ್ನೂ ಕರೆತರುತ್ತಿದ್ದರು. ಕೊನೆಗೆ ಅವನು ಮನೆಗೆ ಬೀಗ ಹಾಕಿ, ಹೊಳೆಯ ಮೇಲಕ್ಕೆ, ಗೇರುಸೊಪ್ಪದಲ್ಲಿದ್ದ ತಂಗಿಯ ಮನೆಗೆ ಹೋದ. ಈಗ ಅಲ್ಲಿ ಬುಟ್ಟಿ ಹೆಣೆಯುತ್ತಾನೆ.

ಕಮಿಟಿ ಮತ್ತೆ ಕರೆಯಲು ತಯಾರಿದೆ ಎಂದು ದಿನಕರ ಒಮ್ಮೆ ಹೇಳಿ ಕಳಿಸಿದ. ನಾನೇ ಹೋಗಿ ಕೇಳಿದೆ. ಮಾಬ್ಲ ಬುಟ್ಟಿಯಿಂದ ಕಣ್ಣೆತ್ತದೆ ಹೇಳಿದ, "ಬೇಡ ಕಾಮತ್ರೇ. ಈಗ ಯಾರು ಕೂತ್ರೂ ನಂಗೆ ನಗು ಬರೂದಿಲ್ಲ. ಎಂತ ಕಾಯಿಲೆಯೇನ ಅಂತ ಹೆದ್ರಿಕೆ ಬತ್ತದೆ. ಹೆದ್ರಿದವ ಜನರನ್ನ ಹೆಂಗೆ ನಗ್ಸೂದು?" ಆ ದಿನ ನಾನು ಅವನ ಜಗಲಿಯಲ್ಲಿ ಕೂತೆ. ಅವನು ನನ್ನ ಕಡೆ ತಿರುಗಲೇ ಇಲ್ಲ.

ವ್ಯಾಪಾರಿಯಾದವನು ಇಂಥ ಮಾತನ್ನು ಸುತ್ತಿ ಬಳಸಿ ಹೇಳಬಾರದು. ಮಾಬ್ಲ ನಾಯ್ಕನಿಂದ ನನ್ನ ಜೀವ ಉಳಿಯಿತು. ನನ್ನಿಂದ ಅವನ ಆಟ ಹೋಯಿತು. ಈ ಎರಡೂ ನಾನು ಅವನಿಗೆ ಕೊಡಬೇಕಾದ ಸಾಲ, ಎರಡನ್ನೂ ತೀರಿಸಿಲ್ಲ.